ಇರುವ ಚಿಗುರನ್ನೇ ಚಿವುಟಿದರೆ ಮಲ್ಲಿಗೆ ಜಾಸ್ತಿ ಬಿಡುವುದು ಹೇಗೆ?

ಪ್ರಶ್ನೆ: ಮಂಗಳೂರಿನ ಕದ್ರಿಯಲ್ಲಿ ನಮ್ಮ ಫ್ಲ್ಯಾಟ್. ಬಾಲ್ಕನಿಯ ಚಟ್ಟಿಯಲ್ಲಿ ಶಂಕರಪುರ ಮಲ್ಲಿಗೆ ನೆಟ್ಟು ವರ್ಷವಾಯಿತು. ಗಿಡ ಕೋಲಿನ ಹಾಗೆ ಉದ್ದಕ್ಕೆ ಹೋಗುತ್ತಿದೆ, ಹೂ ಮಾತ್ರ ನಾಲ್ಕೈದು. ಕಟಪಾಡಿಯಿಂದ ಬಂದ ಅತ್ತೆ, "ಕುಡಿ ಚಿವುಟಿ ಬಿಡು ಮಾರಾಯ್ತಿ" ಎಂದರು. ಇರುವುದೇ ಒಂದು ಚಿಗುರು. ಅದನ್ನೂ ಚಿವುಟಿದರೆ ಹೂ ಎಲ್ಲಿಂದ ಬರಬೇಕು?

ಉತ್ತರ: ಅತ್ತೆ ಹೇಳಿದ್ದು ಸರಿ. ಹೂ ಎಲ್ಲಿಂದ ಬರುತ್ತದೆ ಅಂತ ನೋಡಬೇಕಾದರೆ ಗಿಡದ ಹತ್ತಿರ ಹೋಗಿ ಒಂದು ಎಲೆಯನ್ನು ಸ್ವಲ್ಪ ಬಗ್ಗಿಸಿ. ತೊಟ್ಟು ಕಾಂಡಕ್ಕೆ ಸೇರುವ ಮೂಲೆಯಲ್ಲಿ ಒಂದು ಪುಟ್ಟ ಉಬ್ಬು ಇರುತ್ತದೆ. ಕಬ್ಬಿನ ಗೆಣ್ಣಿನಲ್ಲಿ ಇರುತ್ತದಲ್ಲ, ಅಂಥದೇ ಕಣ್ಣು. ಅದು ಇನ್ನೂ ಎದ್ದಿರದ ಗೆಲ್ಲು. ಮಲ್ಲಿಗೆಯ ಎಲೆಗಳು ಸಾಮಾನ್ಯವಾಗಿ ಎದುರುಬದುರು ಜೋಡಿಯಾಗಿ ಬರುವುದರಿಂದ ಒಂದೊಂದು ಗೆಣ್ಣಿನಲ್ಲೂ ಇಂಥ ಎರಡು ಕಣ್ಣುಗಳು. ನಿಮ್ಮ ಕೋಲಿನಂಥ ಗಿಡದಲ್ಲಿ ಈಗಲೇ ಹತ್ತಿಪ್ಪತ್ತು ಗೆಲ್ಲು ಮಲಗಿವೆ ಅನ್ನಿ.

ಅವುಗಳನ್ನು ಮಲಗಿಸಿಟ್ಟಿರುವುದು ಆ ಕುಡಿ. ತುದಿಯ ಎಳೆ ಎಲೆಗಳಲ್ಲಿ ಆಕ್ಸಿನ್ ಎಂಬ ಹಾರ್ಮೋನ್ ತಯಾರಾಗುತ್ತದೆ. ಅದು ಕಾಂಡದೊಳಗೆ ಜೀವಕೋಶದಿಂದ ಜೀವಕೋಶಕ್ಕೆ ದಾಟುತ್ತ, ಗಂಟೆಗೆ ಸುಮಾರು 1 ಸೆಂಟಿಮೀಟರ್ ವೇಗದಲ್ಲಿ ಕೆಳಗಿಳಿಯುತ್ತದೆ. ಅದು ಇಳಿಯುತ್ತಿರುವಷ್ಟು ಕಾಲ ಪಕ್ಕದ ಕಣ್ಣುಗಳು ಏಳುವುದಿಲ್ಲ. 1930ರ ದಶಕದಲ್ಲಿ ಥಿಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಒಂದು ಜಾತಿಯ ಅವರೆ ಗಿಡದ ತುದಿ ಕತ್ತರಿಸಿ ನೋಡಿದರು. ಪಕ್ಕದ ಚಿಗುರುಗಳು ಎದ್ದವು. ಕತ್ತರಿಸಿದ ಜಾಗಕ್ಕೆ ಆಕ್ಸಿನ್ ಹಚ್ಚಿದರೆ ಏಳಲಿಲ್ಲ. ತುದಿ ಇಲ್ಲದಿದ್ದರೂ ಇದೆ ಅಂತ ಗಿಡವನ್ನು ನಂಬಿಸಿದ ಹಾಗಾಯಿತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು, ಆದರೆ ಒಂದು ತೊಡಕು ಉಳಿಯಿತು. ತುದಿಯಿಂದ ಇಳಿದ ಆಕ್ಸಿನ್ ಆ ಕಣ್ಣುಗಳ ಒಳಗೆ ಹೋಗುವುದೇ ಇಲ್ಲ! ಒಳಗೆ ಹೋಗದೆ ತಡೆಯುವುದು ಹೇಗೆ? ನನಗೆ ಈ ವಿಷಯದಲ್ಲಿ ಜಾಸ್ತಿ ಮಜಾ ಕೊಡುವ ಭಾಗ ಇದೇ. ಆಕ್ಸಿನ್ ಮಧ್ಯವರ್ತಿಗಳನ್ನು ಇಟ್ಟುಕೊಂಡಿದೆ. ಕಣ್ಣನ್ನು ಎಬ್ಬಿಸುವ ಸೈಟೊಕೈನಿನ್ ಎಂಬ ಹಾರ್ಮೋನ್ ತಯಾರಾಗದಂತೆ ಅದು ಕಾಂಡದಲ್ಲೇ ತಡೆಯುತ್ತದೆ. ಕಣ್ಣನ್ನು ಮಲಗಿಸುವ ಸ್ಟ್ರೈಗೊಲ್ಯಾಕ್ಟೋನ್ ಹೆಚ್ಚುವಂತೆ ಮಾಡುತ್ತದೆ. ಈ ಎರಡನೆಯದು ಗೆಲ್ಲು ತಡೆಯುವ ಹಾರ್ಮೋನ್ ಅಂತ ಗೊತ್ತಾದದ್ದು 2008ರಲ್ಲಿ. ಅದಕ್ಕೂ ಮೊದಲು ಅದನ್ನು ಜೋಳದ ಬೇರಿಗೆ ಅಂಟಿ ರಸ ಹೀರುವ ಸ್ಟ್ರೈಗಾ ಕಳೆಯ ಬೀಜವನ್ನು ಮೊಳೆಸುವ ವಸ್ತು ಅಂತ ತಿಳಿದಿದ್ದರು. ಹೆಸರು ಬಂದದ್ದೂ ಅಲ್ಲಿಂದ.

ಇನ್ನೊಂದು ಪಾತ್ರಧಾರಿ ಸಕ್ಕರೆ. ಬೆಳೆಯುವ ಕುಡಿಗೆ ಹಸಿವು ಜಾಸ್ತಿ. ಎಲೆಗಳು ಮಾಡಿದ ಸಕ್ಕರೆಯನ್ನು ಅದೇ ಎಳೆದುಕೊಳ್ಳುತ್ತದೆ. 2014ರಲ್ಲಿ ಬಟಾಣಿ ಗಿಡದ ಮೇಲೆ ನಡೆದ ಪ್ರಯೋಗದಲ್ಲಿ, ತುದಿ ಕತ್ತರಿಸಿದ ಮೇಲೆ ಕೆಳಗಿನ ಆಕ್ಸಿನ್ ಕಡಿಮೆಯಾಗುವ ಮೊದಲೇ ಅಲ್ಲಿನ ಕಣ್ಣುಗಳು ಬೆಳೆಯತೊಡಗಿದ್ದವು. ತುದಿಗೆ ಹೋಗಬೇಕಿದ್ದ ಸಕ್ಕರೆ ಅಷ್ಟರಲ್ಲೇ ಅವುಗಳಿಗೆ ತಲುಪಿತ್ತು. ಹಾಗಂತ ಚಟ್ಟಿಗೆ ಸಕ್ಕರೆ ಸುರಿಯಬೇಡಿ. ಇರುವೆ ಬರುತ್ತವೆ, ಅಷ್ಟೇ.

ಈಗ ನಿಮ್ಮ ಗಿಡ. ಈ ಮಲ್ಲಿಗೆ ಹೂ ಬಿಡುವುದು ಹೊಸದಾಗಿ ಬಂದ ಗೆಲ್ಲುಗಳಲ್ಲಿ. ಒಂದು ಕುಡಿ ಚಿವುಟಿದರೆ ಅದರ ಕೆಳಗಿನ ಜೋಡಿ ಕಣ್ಣು ಎದ್ದು ಎರಡು ಗೆಲ್ಲು. ಅವೂ ಸ್ವಲ್ಪ ಬೆಳೆದ ಮೇಲೆ ಚಿವುಟಿದರೆ ನಾಲ್ಕು. ಶಂಕರಪುರದ ಕಡೆ ಒಂದು ಚೆಂಡಿಗೆ ಸುಮಾರು 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒಂದೇ ಕೋಲಿನಿಂದ ಆ ಲೆಕ್ಕ ಮುಟ್ಟುತ್ತದಾ? ಅದಕ್ಕೇ ಬೆಳೆಗಾರರು ಗಿಡ ಸವರುತ್ತಾರೆ. ಚಿವುಟುವಾಗ ಒಂದು ಜೋಡಿ ಎಲೆಯ ಸ್ವಲ್ಪ ಮೇಲೆ ಚಿವುಟಿ. ಮೊಗ್ಗು ಕಾಣಿಸಿಕೊಂಡ ತುದಿಯನ್ನು ಮುಟ್ಟಬೇಡಿ.

ಆದರೆ ಗಿಡ ಕೋಲಾಗಿದ್ದಕ್ಕೆ ಬಾಲ್ಕನಿಯ ನೆರಳೂ ಕಾರಣ ಇರಬಹುದು. ಬೆಳಕು ಸಾಲದಿದ್ದರೆ ಗಿಡ ಗೆಣ್ಣು ಗೆಣ್ಣಿನ ನಡುವೆ ಉದ್ದ ಚಾಚಿಕೊಂಡು ಬೆಳಕು ಹುಡುಕುತ್ತದೆ, ಗೆಲ್ಲು ಬಿಡುವ ಗೋಜಿಗೆ ಹೋಗುವುದಿಲ್ಲ. ಚಟ್ಟಿಯನ್ನು ಚೆನ್ನಾಗಿ ಬಿಸಿಲು ಬೀಳುವ ಕಡೆ ಇಡದೆ ಸುಮ್ನೆ ಚಿವುಟುತ್ತ ಹೋದರೆ ಗಿಡ ಸೊರಗುತ್ತದೆ.

ಈ ಮದ್ದು ಎಲ್ಲದಕ್ಕೂ ಅಲ್ಲ ಅನ್ನುವುದಕ್ಕೆ ತೆಂಗನ್ನೇ ನೋಡಿ. ಅದಕ್ಕೆ ಇರುವುದು ಒಂದೇ ಸುಳಿ. ಗರಿಗಳ ಬುಡದ ಕಣ್ಣುಗಳು ಹೂಗೊನೆಯಾಗುತ್ತವೆ, ಗೆಲ್ಲಾಗುವುದಿಲ್ಲ. ಕುರುವಾಯಿ ದುಂಬಿ ಸುಳಿಯನ್ನು ಬೆಳೆಯುವ ಜಾಗದವರೆಗೂ ಕೊರೆದರೆ ಮರವೇ ಹೋಯಿತು.

ಇನ್ನು, ಸವರುವಾಗ ಸ್ವಲ್ಪ ಬಲಿತ ಗೆಲ್ಲು ಸಿಕ್ಕಿದರೆ ಎಸೆಯಬೇಡಿ. ಒದ್ದೆ ಮಣ್ಣಿಗೆ ಚುಚ್ಚಿ ನೆರಳಲ್ಲಿಡಿ. ಅಲ್ಲೂ ಆಕ್ಸಿನ್ ಕೆಳಮುಖವಾಗಿಯೇ ಇಳಿದು ಬುಡದಲ್ಲಿ ಸೇರುತ್ತದೆ, ಬೇರು ಅಲ್ಲೇ ಬರುತ್ತದೆ. ನರ್ಸರಿಯಲ್ಲಿ ಸಿಗುವ ಬೇರು ಬರಿಸುವ ಪುಡಿಯಲ್ಲಿ ಸಾಮಾನ್ಯವಾಗಿ ಇರುವುದೂ ಅದೇ ಜಾತಿಯ ಹಾರ್ಮೋನ್. ಎಲೆ ತೆಗೆದ ಕಡ್ಡಿಯಲ್ಲಿ ತುದಿ ಯಾವುದು, ಬುಡ ಯಾವುದು ಅಂತ ಗೊಂದಲವಾಗುವುದುಂಟು. ಕತ್ತರಿಸುವಾಗಲೇ ಬುಡವನ್ನು ಓರೆಯಾಗಿ ಕತ್ತರಿಸಿಕೊಂಡರೆ ತಲೆಕೆಳಗೆ ನೆಡುವುದು ತಪ್ಪುತ್ತದೆ.