ಹೆಡ್‌ಲೈಟ್ ಬಿಚ್ಚಿ ಬಣ್ಣ ಹೊಡೆಯುವ ಮುಂಚೆ

ಕಾರಿನ ಹೆಡ್‌ಲೈಟ್ ನೋಡಲು ಒಂದೇ ತುಂಡು. ನಿಜಕ್ಕೂ ಅದು ಎರಡು ಭಾಗ. ಮುಂದೆ ಪಾಲಿಕಾರ್ಬೊನೇಟ್ ಲೆನ್ಸ್, ಹಿಂದೆ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್‌ನ ಕಪ್ಪು ಡಬ್ಬಿ. ಡಬ್ಬಿಯ ಅಂಚಿನ ಸುತ್ತ ಒಂದು ಕಾಲುವೆ, ಅದರ ತುಂಬ ಅಂಟು. ಒಳಗಿನ ಅಲಂಕಾರದ ಚೌಕಟ್ಟಿಗೆ ಮನೆಯಲ್ಲೇ ಬಣ್ಣ ಹೊಡೆಯಬೇಕೆಂದರೆ ಮೊದಲು ಈ ಅಂಟು ಬಿಡಬೇಕು.

ಹಲವು ಕಾರುಗಳಲ್ಲಿ ಇದು ಬ್ಯುಟೈಲ್ ರಬ್ಬರ್. ಟೈರಿನ ಟ್ಯೂಬ್ ಮಾಡುವುದೂ ಇದರಿಂದಲೇ. ಇದರ ಅಣುಸರಪಳಿಗಳು ಒತ್ತಾಗಿ ಕೂತಿರುವುದರಿಂದ ಗಾಳಿ, ತೇವ ಸುಲಭವಾಗಿ ನುಸುಳುವುದಿಲ್ಲ. ಟ್ಯೂಬಿನಲ್ಲಿ ಈ ಸರಪಳಿಗಳನ್ನು ಒಂದಕ್ಕೊಂದು ಗಟ್ಟಿಯಾಗಿ ಬೆಸೆದಿರುತ್ತಾರೆ. ಲೈಟಿನ ಅಂಟಿನಲ್ಲಿ ಹಾಗಲ್ಲ. ಅದಕ್ಕೇ ಅದು ಬಿಸಿಗೆ ಮೆತ್ತಗಾಗಿ, ಆರಿದಾಗ ಮತ್ತೆ ಬಿಗಿಯುತ್ತದೆ.

ಬಲ್ಬು, ಸ್ಕ್ರೂ, ಕ್ಲಿಪ್ಪು ತೆಗೆದು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸ್ವಲ್ಪ ಹೊತ್ತು ಕಾಯಿಸಿದರೆ ಅಂಟು ಸಡಿಲಾಗುತ್ತದೆ. ಪಾಲಿಕಾರ್ಬೊನೇಟ್ ಮೆತ್ತಗಾಗುವುದು 147 ಡಿಗ್ರಿಯ ಹತ್ತಿರ. ಕೆಲಸ ನಡೆಯಬೇಕಾದದ್ದು ಈ ಎರಡರ ನಡುವೆ. ಓವನ್ನಿನ ಡಯಲ್ ನಂಬಿ ಕೂರಬೇಡಿ. ಕಾಯಿಲ್‌ಗೆ ಹತ್ತಿರವಿರುವ ಮೂಲೆ ಜಾಸ್ತಿ ಕಾದು ಸೊಟ್ಟಗಾಗಬಹುದು. ಅಡುಗೆಗೆ ಬಳಸುವ ಓವನ್ ಅಂತೂ ಬೇಡವೇ ಬೇಡ. ಒಂದು ಮೂಲೆಯಿಂದ ನಿಧಾನವಾಗಿ ಎಬ್ಬಿಸಿದರೆ ಅಂಟು ಕಪ್ಪು ಎಳೆಗಳಾಗಿ ಉದ್ದಕ್ಕೆ ಜಗ್ಗಿಕೊಂಡು ಬರುತ್ತದೆ. ಆ ಎಳೆ ಒಳಗಿನ ಕನ್ನಡಿಯಂಥ ಭಾಗದ ಮೇಲೆ ಬೀಳದಂತೆ ನೋಡಿಕೊಳ್ಳಿ. ಕೆಲವು ಕಾರುಗಳಲ್ಲಿ ಪಾಲಿಯುರೆಥೇನ್ ಅಂಟು ಇರುತ್ತದೆ. ಅದು ಬಿಸಿಗೆ ಬಗ್ಗುವುದಿಲ್ಲ, ಕತ್ತರಿಸಿಯೇ ತೆಗೆಯಬೇಕು. ಅಂಥದ್ದನ್ನು ಬಿಟ್ಟುಬಿಡುವುದೇ ವಾಸಿ.

ಟೇಲ್‌ಲೈಟಿನ ಕತೆಯೇ ಬೇರೆ. ಅದರ ಲೆನ್ಸ್ ಹೆಚ್ಚಾಗಿ ಅಕ್ರಿಲಿಕ್, 105 ಡಿಗ್ರಿ ಹತ್ತಿರವೇ ಮೆತ್ತಗಾಗುತ್ತದೆ. ಸಾಲದ್ದಕ್ಕೆ ಎಷ್ಟೋ ಕಾರುಗಳಲ್ಲಿ ಅಂಟೇ ಇರುವುದಿಲ್ಲ, ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಕರಗಿಸಿ ಬೆಸೆದಿರುತ್ತಾರೆ. ಹಾಗಾಗಿ ಜನ ಹೊರಗಿನಿಂದಲೇ ಕಪ್ಪು ಛಾಯೆ ಹೊಡೆಯುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ. ಬಲ್ಬಿನ ಬೆಳಕು ಆ ಪದರವನ್ನು ಒಮ್ಮೆ ದಾಟಿದರೆ ಸಾಕು. ಆದರೆ ಟೇಲ್‌ಲೈಟಿನಲ್ಲೇ ಕೂಡಿಸಿರುವ ಕೆಂಪು ರಿಫ್ಲೆಕ್ಟರ್‌ಗೆ ಬೆಳಕು ಒಳಗೆ ಹೋಗಬೇಕು, ತಿರುಗಿ ಹೊರಗೂ ಬರಬೇಕು. ಛಾಯೆ ಅರ್ಧ ಬೆಳಕು ಬಿಟ್ಟರೆ ವಾಪಸ್ ಬರುವುದು ಕಾಲು ಭಾಗ ಮಾತ್ರ. ಲೈಟ್ ಆರಿಸಿ ರಸ್ತೆ ಬದಿ ನಿಲ್ಲಿಸಿದ ಕಾರು ಹಿಂದಿನವರಿಗೆ ಕಾಣುವುದೇ ಆ ರಿಫ್ಲೆಕ್ಟರ್‌ನಿಂದ, ಅಲ್ವಾ?

ಹೆಡ್‌ಲೈಟಿನಲ್ಲೂ ಬಣ್ಣ ಚೌಕಟ್ಟಿಗೆ ಮಾತ್ರ. ಬೆಳಕು ಪ್ರತಿಫಲಿಸುವ ಬಟ್ಟಲಿನ ಹೊಳಪು ನಿರ್ವಾತದಲ್ಲಿ ಆವಿಯಾಗಿ ಕೂರಿಸಿದ ಅಲ್ಯೂಮಿನಿಯಂ. ಅದರ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿನಷ್ಟು. ಸುಮ್ನೆ ಬಟ್ಟೆಯಲ್ಲಿ ಉಜ್ಜಿದರೂ ಗೀರು ಬಿದ್ದು ಮಂಕಾಗುತ್ತದೆ. ಲೆನ್ಸ್ ಒರೆಸಲು ಥಿನ್ನರ್, ಅಸಿಟೋನ್ ಬೇಡ. ಪಾಲಿಕಾರ್ಬೊನೇಟ್ ಕೂದಲೆಳೆಯ ಬಿರುಕು ಬಿಡುತ್ತದೆ.

ಬಣ್ಣ ಮೇಲಿಂದ ಒಣಗಿದಂತೆ ಕಂಡರೂ ಒಳಗೆ ದ್ರಾವಕ ಉಳಿದಿರುತ್ತದೆ. ಅದು ಪೂರ್ತಿ ಹೋಗುವ ಮೊದಲೇ ಮುಚ್ಚಿದರೆ ಬಲ್ಬಿನ ಕಾವಿಗೆ ಆವಿ ಎದ್ದು, ತಣ್ಣಗಿನ ಲೆನ್ಸಿನ ಒಳಮೈಗೆ ಮಬ್ಬಾಗಿ ಕೂರುತ್ತದೆ. ಒರೆಸಲು ಮತ್ತೆ ಬಿಚ್ಚಬೇಕು. ಆದ್ದರಿಂದ ಕೆಲವು ದಿನ ಕಾಯಿರಿ. ಮುಚ್ಚುವಾಗ ಹೊಸ ಬ್ಯುಟೈಲ್ ಹಾಕಿ, ಹಿಂದಿನ ಗಾಳಿಕಿಂಡಿಗಳನ್ನು ಮಾತ್ರ ಮುಚ್ಚಬೇಡಿ. ಲೈಟ್ ಕಾದಾಗ ಹಿಗ್ಗುವ ಗಾಳಿಗೂ ಒಳಗಿನ ತೇವಕ್ಕೂ ಅದೇ ದಾರಿ.

ಲೈಟ್ ಕಳಚುವ ಮುಂಚೆಯೇ ಕಾರನ್ನು ಗೋಡೆಯ ಎದುರು ನಿಲ್ಲಿಸಿ, ಡಿಮ್ ಬೆಳಕಿನ ಮೇಲಂಚನ್ನು ಗುರುತು ಮಾಡಿಕೊಳ್ಳಿ. ಮತ್ತೆ ಕೂರಿಸುವಾಗ ಕೋನ ಒಂದೇ ಡಿಗ್ರಿ ಮೇಲಾದರೂ 25 ಮೀಟರ್ ದೂರದಲ್ಲಿ ಬೆಳಕು ಸುಮಾರು 44 ಸೆಂಟಿಮೀಟರ್ ಏರಿ ಎದುರು ಬರುವವರ ಕಣ್ಣಿಗೇ ಹೊಡೆಯುತ್ತದೆ. ಕಾರನ್ನು ಅದೇ ಜಾಗದಲ್ಲಿ ನಿಲ್ಲಿಸಿ, ಬೆಳಕು ಹಳೆಯ ಗುರುತಿಗೆ ಬರುವವರೆಗೆ ಲೈಟಿನ ಹಿಂದಿನ ಸ್ಕ್ರೂ ತಿರುಗಿಸಿ ಸರಿಮಾಡಿ.