ಇಡೀ ಡಿಸ್ಕಿಗೆ ‘ಸಿಂಕ್’ ಹಾಕುವ ಮುಂಚೆ

ಮಳೆಗಾಲದಲ್ಲಿ ಉಡುಪಿ ಕಡೆ ಜೋರು ಗಾಳಿ ಬಂತೆಂದರೆ ಕರೆಂಟ್ ಹೋದ ಹಾಗೆಯೇ. ಹಾಗಾಗಿ ಇಲ್ಲಿ ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಿಗೆ, ಡಿಸ್ಕನ್ನು ‘ಸಿಂಕ್’ ಎಂಬ ಆಯ್ಕೆ ಹಾಕಿ ಮೌಂಟ್ ಮಾಡಿಬಿಟ್ಟರೆ (ಸಿಸ್ಟಮ್ಮಿಗೆ ಜೋಡಿಸಿಬಿಟ್ಟರೆ) ಬರೆದದ್ದೆಲ್ಲ ಕೂಡಲೇ ಒಳಗೆ ಸೇರುತ್ತದೆ, ಏನೂ ಕಳೆಯುವುದಿಲ್ಲ ಅಲ್ವಾ ಅಂತ ಅನ್ನಿಸುತ್ತದೆ. ದಯವಿಟ್ಟು ಬೇಡ.

ಈ ಭಯ ಹಳೆಯದು. ಆಗಿನ ಯುನಿಕ್ಸ್ ಬರೆದದ್ದನ್ನು ಮೆಮೊರಿಯಲ್ಲಿ ಇಟ್ಟುಕೊಂಡು 30 ಸೆಕೆಂಡಿಗೊಮ್ಮೆ ಡಿಸ್ಕಿಗೆ ಇಳಿಸುತ್ತಿತ್ತು. ನಡುವೆ ಮಷೀನ್ ನಿಂತರೆ ಅಷ್ಟು ಹೋಯಿತು. ಅದಕ್ಕಿಂತ ಕೆಟ್ಟದ್ದು, ಫೈಲುಗಳ ಹೆಸರಿರುವ ಡೈರೆಕ್ಟರಿಗೂ ಪ್ರತಿ ಫೈಲಿನ ವಿವರ ಇರುವ ಐನೋಡಿಗೂ ತಾಳೆ ತಪ್ಪಿ, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫೈಲ್‌ಸಿಸ್ಟಮ್ಮೇ ಹಾಳಾಗುವುದು. 1983ರಲ್ಲಿ 4.2 ಬಿಎಸ್‌ಡಿ ಜೊತೆ ಬಂದ ಫಾಸ್ಟ್ ಫೈಲ್ ಸಿಸ್ಟಮ್ ಇದಕ್ಕೆ ನಡುದಾರಿ ಹಿಡಿಯಿತು: ಡೇಟಾ ನಿಧಾನಕ್ಕೆ ಹೋಗಲಿ, ಮೆಟಾಡೇಟಾ (ಡೈರೆಕ್ಟರಿ, ಐನೋಡಿನಂಥ ಲೆಕ್ಕಪತ್ರ) ಮಾತ್ರ ಆಗಲೇ ಹೋಗಬೇಕು. 1993ರ ಎಕ್ಸ್‌ಟಿ2 ಎಂಬ ಲಿನಕ್ಸ್ ಫೈಲ್‌ಸಿಸ್ಟಮ್ ಅದನ್ನೂ ಅಸಿಂಕ್ ಮಾಡಿತು, ಅಂದರೆ ಕೂಡಲೇ ಬರೆಯದೆ ಆಮೇಲೆ ಬರೆಯುವ ಹಾಗೆ. ಸಣ್ಣ ಫೈಲುಗಳ ಕೆಲಸ ಸರಸರ ಆಯಿತು, ಆದರೆ ಕರೆಂಟ್ ಹೋಗಿ ಬಂದಾಗ ಇಡೀ ಡಿಸ್ಕನ್ನು ಎಫ್‌ಎಸ್‌ಸಿಕೆ ಎಂಬ ತಪಾಸಣೆ ಪ್ರೋಗ್ರಾಂ ತಡಕುವವರೆಗೆ ಕಾಯಬೇಕಿತ್ತು.

ಸಿಂಕ್ ಯಾಕೆ ಅಷ್ಟು ನಿಧಾನ? 7200 ಆರ್‌ಪಿಎಂ ಡಿಸ್ಕ್ ಒಂದು ಸುತ್ತು ಮುಗಿಸಲು ಸುಮಾರು 8.3 ಮಿಲಿಸೆಕೆಂಡ್ ಬೇಕು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರೆದು, ಪ್ರತಿ ಸಲ ‘ಬರೆದಾಯಿತು’ ಅನ್ನುವವರೆಗೆ ಕಾದರೆ ಸೆಕೆಂಡಿಗೆ ಹೆಚ್ಚೆಂದರೆ 120 ಸಲ. ಒಂದು ಫೈಲ್ ಸೃಷ್ಟಿಸುವುದಕ್ಕೇ ಇಂಥ ಹಲವು ಬರಹಗಳು ಬೇಕು, ಅದೂ ಬೇರೆ ಬೇರೆ ಕಡೆ, ಹಾಗಾಗಿ ಡಿಸ್ಕಿನ ಓದಿ ಬರೆಯುವ ತಲೆ ಅತ್ತಿತ್ತ ಓಡಾಡುವ ಹೊತ್ತೂ ಸೇರುತ್ತದೆ. ಅಸಿಂಕ್ ಆದರೆ ಕರ್ನಲ್ (ಲಿನಕ್ಸಿನ ತಿರುಳು) ಇವನ್ನೆಲ್ಲ ಒಟ್ಟುಮಾಡಿ, ಸಾಲಾಗಿ ಜೋಡಿಸಿ ಒಂದೇ ಬಾರಿಗೆ ಕಳಿಸುತ್ತದೆ.

ನಿಜವಾದ ಪರಿಹಾರ ಬಂದದ್ದು ಜರ್ನಲ್‌ನಿಂದ. 2001ರಲ್ಲಿ ಲಿನಕ್ಸ್ 2.4.15ಕ್ಕೆ ಎಕ್ಸ್‌ಟಿ3 ಸೇರಿತು. ಮಾಡಲಿರುವ ಬದಲಾವಣೆಯನ್ನು ಮೊದಲು ಜರ್ನಲ್‌ನಲ್ಲಿ ಬರೆದುಕೊಂಡು, 5 ಸೆಕೆಂಡಿಗೊಮ್ಮೆ ಪಕ್ಕಾ ಮಾಡುತ್ತದೆ. ಕರೆಂಟ್ ಹೋದರೂ ಫೈಲ್‌ಸಿಸ್ಟಮ್ ತಾಳೆ ತಪ್ಪುವುದಿಲ್ಲ. ಕೊನೆಯ ಕೆಲವು ಸೆಕೆಂಡಿನ ಬರಹ ಮಾತ್ರ ಹೋಗಬಹುದು. ಅದೂ ಹೋಗಬಾರದು ಅಂದರೆ ಬರೆಯುವ ಪ್ರೋಗ್ರಾಂ, ‘ಈ ಫೈಲನ್ನು ಈಗಲೇ ಡಿಸ್ಕಿಗೆ ಇಳಿಸು’ ಎನ್ನುವ ‘ಎಫ್‌ಸಿಂಕ್’ ಕರೆಯಬೇಕು. ಒಳ್ಳೆಯ ಡೇಟಾಬೇಸ್‌ಗಳು ಕರೆಯುತ್ತವೆ. ಕರೆಯದ ಪ್ರೋಗ್ರಾಂಗಳ ಹಣೆಬರಹ 2009ರಲ್ಲಿ ಎಕ್ಸ್‌ಟಿ4ನಲ್ಲಿ ಗೊತ್ತಾಯಿತು. ಕ್ರ್ಯಾಶ್ ಆದ ಮೇಲೆ ಫೈಲುಗಳು ಸೊನ್ನೆ ಬೈಟ್ ಆಗಿ ಸಿಕ್ಕವು. ಆಮೇಲೆ ಕರ್ನಲ್‌ನಲ್ಲೇ ಅದಕ್ಕೆ ತಿದ್ದುಪಡಿ ಬಂತು.

ಪೆನ್‌ಡ್ರೈವ್‌ಗೆ ಸಿಂಕ್ ಹಾಕುವುದು ಇನ್ನೂ ಕೆಟ್ಟದ್ದು. ರಾತ್ರಿಯಿಡೀ ನಡೆದ ಯಕ್ಷಗಾನದ ವಿಡಿಯೊವನ್ನು ಹಾಗೆ ಕಾಪಿ ಮಾಡಿದರೆ ಫೈಲಿನ ತುಣುಕುಗಳು ಎಲ್ಲಿವೆ ಎಂಬ ಪಟ್ಟಿ, ಅಂದರೆ ಫ್ಯಾಟ್ ಟೇಬಲ್, ಇರುವ ಅದೇ ಜಾಗಕ್ಕೆ ಮತ್ತೆ ಮತ್ತೆ ಬರೆದು ಸುಮ್ನೆ ಫ್ಲ್ಯಾಶ್ ಸವೆಯುತ್ತದೆ. ಮೌಂಟ್ ಕಮಾಂಡಿನ ಕೈಪಿಡಿಯೇ ಹೀಗೆ ಆಯುಸ್ಸು ಕಡಿಮೆಯಾಗಬಹುದು ಅಂತ ಎಚ್ಚರಿಸುತ್ತದೆ. ಅಸಿಂಕ್ ಇರಲಿ, ಕೀಳುವ ಮುಂಚೆ ಅನ್‌ಮೌಂಟ್ ಮಾಡಿ.

ಫೈಲುಗಳನ್ನು ನೆಟ್‌ವರ್ಕ್ ಮೂಲಕ ಬೇರೆ ಕಂಪ್ಯೂಟರುಗಳಿಗೆ ಹಂಚುವ ಎನ್‌ಎಫ್‌ಎಸ್ ಸರ್ವರ್‌ನ ಎಕ್ಸ್‌ಪೋರ್ಟ್ (ಹಂಚಿಕೆ) ಪಟ್ಟಿಯಲ್ಲಿ ಕಾಣುವ ‘ಸಿಂಕ್’ ಮಾತ್ರ ಬೇರೆ ವಿಷಯ. ಅಲ್ಲಿ ಅಸಿಂಕ್ ಹಾಕಿದರೆ ಡಿಸ್ಕಿಗೆ ಬರೆಯುವ ಮೊದಲೇ ಸರ್ವರ್ ‘ಆಯಿತು’ ಅಂದುಬಿಡುತ್ತದೆ, ಪಕ್ಕದ ಕೋಣೆಯ ಕಂಪ್ಯೂಟರ್ ಅದನ್ನು ನಂಬಿಬಿಡುತ್ತದೆ. ಅದನ್ನು ಸಿಂಕ್‌ನಲ್ಲೇ ಬಿಡಿ.