ಡ್ರೈವರ್ ಎಲ್ಲಿರಬೇಕು? ರಿಮೋಟ್ ಡೆಸ್ಕ್‌ಟಾಪ್ ಪ್ರಿಂಟಿಂಗ್‌ನ ಹಳೇ ತಕರಾರು

ಕಡತ ಇರುವುದು ದೂರದ ಸರ್ವರ್‌ನಲ್ಲಿ. ಮೇಜಿನ ಮೇಲಿರುವುದು ಆ ಸರ್ವರ್‌ನ ಪರದೆಯನ್ನು ತೋರಿಸುವ ಥಿನ್ ಕ್ಲೈಂಟ್ ಎಂಬ ಪುಟ್ಟ ಡಬ್ಬಿ. ಪ್ರಿಂಟರ್ ಅದರ ಪಕ್ಕದಲ್ಲೇ, ಕೈಗೆಟಕುವಷ್ಟು ಹತ್ತಿರ. ಆದರೂ ಪ್ರಿಂಟ್ ಒತ್ತಿದರೆ ಕಾಗದ ಬರುವುದಿಲ್ಲ, ಬಂದರೂ ಅರ್ಧ ಗಂಟೆ ತಡ. ಕಡತವನ್ನು ಪ್ರಿಂಟರ್‌ಗೆ ಅರ್ಥವಾಗುವ ಭಾಷೆಗೆ ತಿರುಗಿಸುವ ಕೆಲಸ ಡ್ರೈವರ್‌ನದು. ಆ ಡ್ರೈವರ್ ಸರ್ವರ್‌ನಲ್ಲಿರಬೇಕೋ, ಮೇಜಿನ ಮೇಲಿರಬೇಕೋ, ಪ್ರಿಂಟರ್‌ನ ಹೊಟ್ಟೆಯೊಳಗೇ ಇರಬೇಕೋ ಎಂಬ ಒಂದೇ ಪ್ರಶ್ನೆಯ ಸುತ್ತ ಈ ಕ್ಷೇತ್ರ ಇಷ್ಟು ವರ್ಷ ಗಿರಕಿ ಹೊಡೆದಿದೆ.

ಅಕ್ಷರವಷ್ಟೇ ಕಾಣುತ್ತಿದ್ದ ಹಳೇ ಟರ್ಮಿನಲ್‌ಗಳ ಕಾಲದಲ್ಲಿ ಈ ತಲೆನೋವು ಕಡಿಮೆ ಇತ್ತು: ಟರ್ಮಿನಲ್‌ನ ಬೆನ್ನಿಗೆ ಡಾಟ್ ಮ್ಯಾಟ್ರಿಕ್ಸ್ ಸಿಕ್ಕಿಸಿದರೆ ಬಂದ ಅಕ್ಷರವನ್ನು ಅದು ಹಾಗೇ ಹೊಡೆಯುತ್ತಿತ್ತು. 1998ರಲ್ಲಿ ವಿಂಡೋಸ್ ಎನ್‌ಟಿ 4.0ರ ಟರ್ಮಿನಲ್ ಸರ್ವರ್ ಆವೃತ್ತಿ ಬಂದಾಗ ಪರದೆ ದೂರ ಪ್ರಯಾಣ ಮಾಡಿತು, ಪ್ರಿಂಟರ್ ಮಾಡಲಿಲ್ಲ. ಬಳಕೆದಾರರ ಪ್ರಿಂಟರ್ ಸೆಷನ್‌ನೊಳಗೆ (ಅವರು ಸರ್ವರ್‌ನಲ್ಲಿ ತೆರೆದ ಪರದೆಯೊಳಗೆ) ಕಾಣಬೇಕಾದರೆ ಮೇಲೆ ಸಿಟ್ರಿಕ್ಸ್ ಎಂಬ ಬೇರೆ ಕಂಪನಿಯ ತಂತ್ರಾಂಶ ಹಾಕಿಕೊಳ್ಳಬೇಕಿತ್ತು. ವಿಂಡೋಸ್ 2000 ಜೊತೆಗೆ ಬಂದ ಆರ್‌ಡಿಪಿ 5.0 (ದೂರದ ಪರದೆಯನ್ನು ಸಾಗಿಸುವ ಮೈಕ್ರೋಸಾಫ್ಟ್‌ನ ವಿಧಾನ) ಆ ಸೌಲಭ್ಯವನ್ನು ಒಳಗೇ ತಂದಿತು. ನಿಜವಾದ ಪಾಡು ಶುರುವಾದದ್ದು ಅಲ್ಲಿಂದ.

ಆಗಿನ ವ್ಯವಸ್ಥೆ ಹೀಗಿತ್ತು. ಲಾಗಿನ್ ಆದ ಕೂಡಲೇ ಕ್ಲೈಂಟ್ ತನ್ನಲ್ಲಿರುವ ಪ್ರಿಂಟರ್ ಡ್ರೈವರ್‌ನ ಹೆಸರನ್ನು ಸರ್ವರ್‌ಗೆ ಹೇಳುತ್ತದೆ. ಅಕ್ಷರಶಃ ಅದೇ ಹೆಸರಿನ ಡ್ರೈವರ್ ಸರ್ವರ್‌ನಲ್ಲಿದ್ದರೆ ಪ್ರಿಂಟರ್ ತಯಾರಾಗುತ್ತದೆ. ಇಲ್ಲದಿದ್ದರೆ ಲಾಗ್‌ನಲ್ಲಿ ಈವೆಂಟ್ 1111 ದಾಖಲಾಗುತ್ತದೆ, ಬಳಕೆದಾರರಿಗೆ ಏನೂ ಕಾಣುವುದಿಲ್ಲ. ಒಂದೇ ಪ್ರಿಂಟರ್‌ನ ಡ್ರೈವರ್‌ಗೆ ಎರಡು ವಿಂಡೋಸ್ ಆವೃತ್ತಿಗಳಲ್ಲಿ ಎರಡು ಹೆಸರಿದ್ದರೆ, ನಡುವೆ ಒಂದು ಸ್ಪೇಸ್ ಹೆಚ್ಚಿದ್ದರೂ ಸಾಕು, ಕೆಲಸ ನಿಂತಿತು. ಇದಕ್ಕೆ ಎನ್‌ಟಿಪ್ರಿಂಟ್‌ಸಬ್ಸ್ ಎಂಬ ಐಎನ್‌ಎಫ್ ಕಡತದಲ್ಲಿ ಎಡಕ್ಕೆ ಕ್ಲೈಂಟ್‌ನ ಹೆಸರು, ಬಲಕ್ಕೆ ಸರ್ವರ್‌ನ ಹೆಸರು ಬರೆದು, ವಿಂಡೋಸ್‌ನ ಸೆಟ್ಟಿಂಗ್‌ಗಳ ಭಂಡಾರವಾದ ರಿಜಿಸ್ಟ್ರಿಯಲ್ಲಿ ಆ ಕಡತವನ್ನು ತೋರಿಸಿ, ಮುದ್ರಣದ ಕ್ಯೂ ನೋಡಿಕೊಳ್ಳುವ ಸ್ಪೂಲರ್ ನಿಲ್ಲಿಸಿ ಮತ್ತೆ ಶುರು ಮಾಡಬೇಕಿತ್ತು. ನೂರು ಮೇಜುಗಳಲ್ಲಿ ಮೂವತ್ತು ಬಗೆಯ ಪ್ರಿಂಟರ್ ಇರುವ ಕಚೇರಿಯಲ್ಲಿ ಈ ಪಟ್ಟಿ ಮುಗಿಯುವುದೇ ಇಲ್ಲ.

ಹೆಸರು ಹೊಂದಲೆಂದು ಸಿಕ್ಕ ಡ್ರೈವರನ್ನೆಲ್ಲ ಸರ್ವರ್‌ಗೆ ತುಂಬಿದವರಿಗೆ ಬೇರೆಯೇ ಪೆಟ್ಟು ಬಿತ್ತು. ಎನ್‌ಟಿ 4.0ರಲ್ಲಿ ಡ್ರೈವರ್‌ಗಳು ಕರ್ನಲ್ ಎಂಬ ವಿಂಡೋಸ್‌ನ ತಿರುಳಿನೊಳಗೆ ಓಡುತ್ತಿದ್ದವು. ಒಂದು ಕೆಟ್ಟರೆ ಇಡೀ ಸರ್ವರ್ ನೀಲಿ ಪರದೆ. ಆಮೇಲಿನವು ಸ್ಪೂಲರ್‌ನೊಳಗೆ ಬಂದವು. ಒಂದು ಕೆಟ್ಟರೆ ಸ್ಪೂಲರ್ ಬೀಳುತ್ತದೆ, ಆ ಸರ್ವರ್‌ನಲ್ಲಿರುವ ಎಲ್ಲರ ಪ್ರಿಂಟಿಂಗ್ ನಿಲ್ಲುತ್ತದೆ. ಮನೆಬಳಕೆಗೆಂದು ಮಾಡಿದ ಇಂಕ್‌ಜೆಟ್ ಡ್ರೈವರನ್ನು ಐವತ್ತು ಜನ ಒಟ್ಟಿಗೆ ಬಳಸುವ ಯಂತ್ರದಲ್ಲಿ ಯಾರೂ ಪರೀಕ್ಷಿಸಿರುವುದಿಲ್ಲ. ಡ್ರೈವರ್‌ಗಳನ್ನು ಬೇರೆ ಬೇರೆ ಪ್ರೊಸೆಸ್‌ನಲ್ಲಿ ಕೂಡಿಹಾಕುವ ವ್ಯವಸ್ಥೆ ವಿಂಡೋಸ್ ಸರ್ವರ್ 2008 ಆರ್2 ಹೊತ್ತಿಗೆ ಬಂತು. ಥಿನ್‌ಪ್ರಿಂಟ್, ಟ್ರೈಸೆರಾಟ್, ಯುನಿಪ್ರಿಂಟ್ ಮುಂತಾದ ಮುದ್ರಣ ತಂತ್ರಾಂಶಗಳು ಬೇರು ಬಿಟ್ಟದ್ದು ಈ ಗೋಳಿನ ನೆಲದಲ್ಲೇ: ಸರ್ವರ್‌ನಲ್ಲಿ ಒಂದೇ ಸಾಮಾನ್ಯ ಡ್ರೈವರ್, ದಾರಿಯಲ್ಲಿ ಕಂಪ್ರೆಷನ್, ಆ ತುದಿಯಲ್ಲಿ ಅಸಲಿ ಡ್ರೈವರ್.

ಅದೇ ಉಪಾಯ ಸರ್ವರ್ 2008ರಲ್ಲಿ ಈಸಿ ಪ್ರಿಂಟ್ ಎಂಬ ಹೆಸರಿನಲ್ಲಿ ವಿಂಡೋಸ್‌ನೊಳಗೇ ಬಂತು. ಸರ್ವರ್ ಪುಟವನ್ನು ಎಕ್ಸ್‌ಪಿಎಸ್ (ಪಿಡಿಎಫ್‌ನಂಥ ಪುಟದ ರೂಪ) ಆಗಿ ಬರೆದು ಕಳಿಸುತ್ತದೆ, ಕ್ಲೈಂಟ್ ತನ್ನ ಡ್ರೈವರ್‌ನಿಂದ ಮುದ್ರಿಸುತ್ತದೆ. ಎರಡೂ ಕಡೆ ವಿಂಡೋಸ್, ಮಾಮೂಲಿ ಲೇಸರ್ ಪ್ರಿಂಟರ್, ಪತ್ರ ಮತ್ತು ಬಿಲ್ಲು ಇಷ್ಟೇ ಇದ್ದರೆ ಬೇರೇನನ್ನೂ ಕೊಳ್ಳಬೇಕಿಲ್ಲ. ತೊಡಕಿರುವುದು ಅಂಚಿನಲ್ಲಿ. ಲೇಬಲ್ ಪ್ರಿಂಟರ್‌ಗೆ ಝಡ್‌ಪಿಎಲ್ ಎಂಬ ಲೇಬಲ್ ಭಾಷೆಯ ಆದೇಶಗಳನ್ನು ನೇರವಾಗಿ ಕಳಿಸುವ ತಂತ್ರಾಂಶಕ್ಕೆ ಇದು ಹೊಂದುವುದಿಲ್ಲ, ಏಕೆಂದರೆ ಈಸಿ ಪ್ರಿಂಟ್ ನಿರೀಕ್ಷಿಸುವುದು ಪುಟವನ್ನು, ಕಚ್ಚಾ ಬೈಟ್‌ಗಳನ್ನಲ್ಲ. ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಅಕ್ಷರವೂ ಚಿತ್ರವಾಗಿ ಹೋಗುವುದರಿಂದ ಸೂಜಿ ಸಾಲುಸಾಲಾಗಿ ತೆವಳುತ್ತದೆ. ಇವೆರಡಕ್ಕೂ ಸರ್ವರ್‌ನಲ್ಲಿ ಅಸಲಿ ಡ್ರೈವರನ್ನೋ ಬರೀ ಅಕ್ಷರ ಕಳಿಸುವ ಜೆನೆರಿಕ್ ಟೆಕ್ಸ್ಟ್ ಡ್ರೈವರನ್ನೋ ಹಾಕಿ, ಈಸಿ ಪ್ರಿಂಟನ್ನೇ ಮೊದಲು ಬಳಸು ಎಂಬ ಗ್ರೂಪ್ ಪಾಲಿಸಿಯನ್ನು (ಯಂತ್ರಗಳಿಗೆಲ್ಲ ಒಟ್ಟಿಗೆ ಹಾಕುವ ನಿಯಮವನ್ನು) ನಿಷ್ಕ್ರಿಯ ಮಾಡಬೇಕು.

ಲಿನಕ್ಸ್ ಆಧಾರಿತ ಥಿನ್ ಕ್ಲೈಂಟ್‌ನಲ್ಲಿ ಸಾಮಾನ್ಯವಾಗಿ ಈಸಿ ಪ್ರಿಂಟ್ ಇರುವುದಿಲ್ಲ. ಅಲ್ಲಿ ಎರಡು ದಾರಿ. ಡಬ್ಬಿಯಲ್ಲಿ ಕಪ್ಸ್ (ಲಿನಕ್ಸ್‌ನ ಮುದ್ರಣ ವ್ಯವಸ್ಥೆ) ಇದ್ದರೆ ಸರ್ವರ್ ಪುಟವನ್ನು ಪೋಸ್ಟ್‌ಸ್ಕ್ರಿಪ್ಟ್ ಎಂಬ ಪುಟ ವಿವರಿಸುವ ಭಾಷೆಯಲ್ಲಿ ಕಳಿಸುತ್ತದೆ, ಕಪ್ಸ್ ಅದನ್ನು ಪ್ರಿಂಟರ್‌ನ ಭಾಷೆಗೆ ತಿರುಗಿಸುತ್ತದೆ. ಇಲ್ಲದಿದ್ದರೆ ಡಬ್ಬಿ ತನ್ನ ಯುಎಸ್‌ಬಿ ಪ್ರಿಂಟರನ್ನು 9100ನೇ ಪೋರ್ಟ್‌ನಲ್ಲಿ ನೆಟ್‌ವರ್ಕ್ ಪ್ರಿಂಟರ್‌ನಂತೆ ತೆರೆದಿಡುತ್ತದೆ. ಎರಡನೆಯದು ಸರಳ, ಆದರೆ ಅಸಲಿ ಡ್ರೈವರ್ ಮತ್ತೆ ಸರ್ವರ್‌ಗೇ ಹೋಗುತ್ತದೆ. ಡಬ್ಬಿಯ ಐಪಿ ವಿಳಾಸ ಬದಲಾಗದಂತೆ, ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ ಕಾಯ್ದಿರಿಸಬೇಕು. ಸರ್ವರ್‌ನಿಂದ ಆ ವಿಳಾಸಕ್ಕೆ ನೇರ ದಾರಿ ಇರಬೇಕು. ನಡುವೆ ಒಳಗಿನ ವಿಳಾಸಗಳನ್ನು ಮರೆಮಾಡುವ ನ್ಯಾಟ್ ಇದ್ದರೆ ಕೆಲಸ ಕ್ಯೂನಲ್ಲೇ ಕೂರುತ್ತದೆ.

ನೆಟ್‌ವರ್ಕ್ ಲೈನಿನ ಲೆಕ್ಕವನ್ನು ಬಹಳಷ್ಟು ಜನ ಹಾಕುವುದೇ ಇಲ್ಲ. ಎ4 ಪುಟ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) 4960 ಗುಣಿಸು 7016 ಚುಕ್ಕೆ, ಅಂದರೆ ಸುಮಾರು 3.48 ಕೋಟಿ. ಬರೀ ಕಪ್ಪು ಬಿಳುಪಾದರೂ 4.35 ಎಂಬಿ, 24 ಬಿಟ್ ಬಣ್ಣವಾದರೆ ನೂರು ಎಂಬಿ ದಾಟುತ್ತದೆ. 2 ಎಂಬಿಪಿಎಸ್ (ಸೆಕೆಂಡಿಗೆ 20 ಲಕ್ಷ ಬಿಟ್, ಎಂಟು ಬಿಟ್‌ಗೆ ಒಂದು ಬೈಟ್) ಲೈನಿನಲ್ಲಿ ಕಂಪ್ರೆಷನ್ ಇಲ್ಲದೆ ಕಪ್ಪು ಬಿಳುಪಿನ ಒಂದು ಪುಟಕ್ಕೇ ಸುಮಾರು 17 ಸೆಕೆಂಡ್. ಅಕ್ಷರದ ಪುಟ ಚೆನ್ನಾಗಿ ಕುಗ್ಗುತ್ತದೆ, ಫೋಟೋ ಅಷ್ಟು ಕುಗ್ಗುವುದಿಲ್ಲ. ಅಗ್ಗದ ಹೋಸ್ಟ್-ಬೇಸ್ಡ್ ಪ್ರಿಂಟರ್‌ಗಳು ಸ್ವಂತ ಬುದ್ಧಿ ಇಲ್ಲದೆ ಈ ಸಿದ್ಧ ಚಿತ್ರಕ್ಕಾಗಿಯೇ ಕಾಯುತ್ತವೆ. ಪಿಸಿಎಲ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಬಲ್ಲ ಪ್ರಿಂಟರ್‌ಗೆ ಕೊಟ್ಟ ಹೆಚ್ಚುವರಿ ಹಣ ಇಲ್ಲೇ ವಾಪಸ್ ಬರುತ್ತದೆ. ಸೆಷನ್ ಮೂಲಕ ಹೋಗುವ ಮುದ್ರಣ ಪರದೆಯ ದಾರಿಯಲ್ಲೇ ಸಾಗುತ್ತದೆ ಎಂಬುದೂ ನೆನಪಿರಲಿ. ಸರ್ವರ್ 2008ರಲ್ಲಿ ಪೂರ್ವನಿಗದಿ ಹಂಚಿಕೆ ಪರದೆಗೆ ಶೇ 70, ಮುದ್ರಣ, ಕ್ಲಿಪ್‌ಬೋರ್ಡ್, ಕಡತಗಳಿಗೆಲ್ಲ ಸೇರಿ ಶೇ 30.

2021ರ ಜೂನ್-ಜುಲೈನಲ್ಲಿ ಸ್ಪೂಲರ್‌ನ ಪ್ರಿಂಟ್‌ನೈಟ್‌ಮೇರ್ ಎಂಬ ಭದ್ರತಾ ದೋಷ ಬಯಲಾಗಿ ಕಥೆಗೆ ಹೊಸ ತಿರುವು ಸಿಕ್ಕಿತು. ಆಗಸ್ಟ್ 10ರ ಅಪ್‌ಡೇಟ್ ಬಳಿಕ ಪ್ರಿಂಟ್ ಸರ್ವರ್‌ನಿಂದ ಡ್ರೈವರ್ ಇಳಿಸಿಕೊಳ್ಳಲು ಅಡ್ಮಿನ್ ಹಕ್ಕು ಬೇಕಾಯಿತು. ಬಳಕೆದಾರರ ಪರದೆಯಲ್ಲಿ ಪಾಸ್‌ವರ್ಡ್ ಕೇಳುವ ಚೌಕ ಎದ್ದಿತು. ಪ್ರಿಂಟ್ ಸರ್ವರ್‌ನಲ್ಲಿರುವ ಡ್ರೈವರ್‌ನ ಅದೇ ಆವೃತ್ತಿಯನ್ನು ಪ್ರತಿ ಸೆಷನ್ ಹೋಸ್ಟ್‌ನಲ್ಲೂ (ಬಳಕೆದಾರರ ಸೆಷನ್ ಓಡುವ ಸರ್ವರ್‌ನಲ್ಲೂ) ಮೊದಲೇ ಹಾಕಿಡುವುದೇ ಇದಕ್ಕೆ ಮದ್ದು. ಸೆಪ್ಟೆಂಬರ್‌ನಲ್ಲಿ ಪ್ರಿಂಟರ್‌ಗೆ ಸಂಪರ್ಕ ಸಿಗದ 11ಬಿ ದೋಷ ಬಂದಾಗ ಆರ್‌ಪಿಸಿ (ಯಂತ್ರಗಳ ನಡುವಿನ ಕರೆ) ರಕ್ಷಣೆಯ ರಿಜಿಸ್ಟ್ರಿ ಮೌಲ್ಯವನ್ನು ಸೊನ್ನೆ ಮಾಡಿ ಪಾರಾದವರು ಹಲವರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಆ ಸೊನ್ನೆ ಇನ್ನೂ ಉಳಿದಿದೆಯೇ ಎಂದು ಒಮ್ಮೆ ನೋಡುವುದು ಒಳ್ಳೆಯದು.

2023ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್, ತಯಾರಕರ ಡ್ರೈವರ್‌ಗಳಿಗೆ ಕೊಡುತ್ತಿದ್ದ ಬೆಂಬಲವನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಪ್ರಕಟಿಸಿ, ಎಲ್ಲ ಪ್ರಿಂಟರ್‌ಗೂ ಒಂದೇ ಆದ ಮುದ್ರಣ ವಿಧಾನ ಐಪಿಪಿಯತ್ತ ಬೆರಳು ತೋರಿಸಿತು. ಅಂದರೆ ಡ್ರೈವರ್‌ನ ಜಾಣತನ ಪ್ರಿಂಟರ್‌ನೊಳಗೆ ಸೇರಿತು. ಸ್ಥಿರ ಕಚೇರಿಯಲ್ಲಿ ಇದೇ ಸರಿಯಾದ ದಿಕ್ಕು: ನೆಟ್‌ವರ್ಕ್ ಪ್ರಿಂಟರ್, ಪ್ರಿಂಟ್ ಸರ್ವರ್‌ನಲ್ಲಿ ಒಂದು ಕ್ಯೂ, ರಿಡೈರೆಕ್ಷನ್ (ಮೇಜಿನ ಪ್ರಿಂಟರನ್ನು ಸೆಷನ್‌ನೊಳಗೆ ತರುವುದು) ಆಫ್. ಮನೆಯಿಂದ ಕೆಲಸ ಮಾಡುವವರಿಗೆ ಮಾತ್ರ ಈಸಿ ಪ್ರಿಂಟ್, ಅದೂ ಡೀಫಾಲ್ಟ್ ಪ್ರಿಂಟರ್ ಒಂದನ್ನೇ ತರುವ ಪಾಲಿಸಿ ಹಾಕಿ. ಲೈನ್ ಸಣ್ಣದಿದ್ದು, ಮುದ್ರಣಕ್ಕೆಂದು ಬ್ಯಾಂಡ್‌ವಿಡ್ತ್ ಮಿತಿ ಹಾಕಲೇಬೇಕಾದರೆ ಆಗ ಹಣ ಕೊಟ್ಟು ಕೊಳ್ಳುವ ತಂತ್ರಾಂಶದ ಮಾತು.

ಯಾವುದನ್ನೇ ಆಯ್ದರೂ ಮೊದಲು ಮೂರು ಕಡತಗಳಿಂದ ಪರೀಕ್ಷಿಸಿ: ಒಂದು ಪುಟದ ಪತ್ರ, ಫೋಟೋ ತುಂಬಿದ 20 ಪುಟದ ಪಿಡಿಎಫ್, ನಿಮ್ಮ ಅತಿ ಹಳೇ ತಂತ್ರಾಂಶದ ಬಿಲ್ಲು. ಆಮೇಲೆ ಲಾಗ್‌ಆಫ್ ಆಗಿ ಇನ್ನೊಂದು ಮೇಜಿನಿಂದ ಲಾಗಿನ್ ಆಗಿ, ಅದೇ ಬಿಲ್ಲನ್ನು ಮತ್ತೆ ಹೊಡೆಯಿರಿ. ರಿಡೈರೆಕ್ಟ್ ಆದ ಪ್ರಿಂಟರ್‌ನ ಹೆಸರಿನ ಕೊನೆಗೆ ವಿಂಡೋಸ್ ಸೆಷನ್ ಸಂಖ್ಯೆ ಸೇರಿಸುತ್ತದೆ. ಬೆಳಿಗ್ಗೆ "ರಿಡೈರೆಕ್ಟೆಡ್ 3" ಎಂದಿದ್ದದ್ದು ಸಂಜೆ "ರಿಡೈರೆಕ್ಟೆಡ್ 7" ಆಗಿರಬಹುದು. ಹೆಸರನ್ನು ಸೆಟ್ಟಿಂಗ್‌ನಲ್ಲಿ ಬರೆದಿಟ್ಟುಕೊಂಡ ತಂತ್ರಾಂಶ ಇನ್ನೂ ಮೂರನೆಯದನ್ನೇ ಹುಡುಕುತ್ತಿರುತ್ತದೆ.